ನಮ್ಮ ದನಿ ಕೇಳಿಸ್ತಿದೆಯಾ?



ನಮ್ಮೂರ ಜಾತ್ರೆ ನೆನಪು ಮಾಡಿಕೊಳ್ಳಿ. ರಾತ್ರಿ ನಾಟಕ ಇದೆ. ಪರದೆ ಇನ್ನೂ ಎದ್ದಿಲ್ಲ. ಚಾಪೆ ಹಾಸಿಕೊಂಡು ಎಲ್ಲರೂ ಕೂತಿದ್ದೀವಿ. ಆಗ ಮೈಕ್ ಸೆಟ್ಟಿನ ಹುಡುಗ ಬರ್ತಾನೆ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್, ಟೂ, ತ್ರೀ" ಅಂತಾನೆ. ಮಕ್ಕಳು ನಗ್ತಾವೆ. ಅವನ ಹಾಗೇ ಅಣಕಿಸ್ತಾವೆ.

ಆ ಹುಡುಗ ಸುಮ್ಮನೆ ಕೂಗೋದಿಲ್ಲ. ನಾಟಕ ಶುರುವಾದ ಮೇಲೆ ಮೈಕ್ ಕೈಕೊಟ್ಟರೆ ಹಿಂದೆ ಕೂತವರಿಗೆ ಒಂದು ಮಾತೂ ಕೇಳಿಸದು. ಅದಕ್ಕೇ ಮೊದಲೇ ನೋಡಿಕೊಳ್ತಾನೆ.

ನಾವೂ ಮನೆಯಲ್ಲಿ ಹೀಗೇ ಮಾಡ್ತೀವಿ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡ್ತೀವಿ. ಸಾರಿಗೆ ಉಪ್ಪು ಸಾಕಾ ಅಂತ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ರುಚಿ ನೋಡ್ತೀವಿ. ಎಲ್ಲರೂ ಊಟಕ್ಕೆ ಕೂತ ಮೇಲೆ ನೋಡಿ ಏನು ಬಂತು?

ಈಗ ನಮ್ಮ ಕೈಗೆ ಫೋನ್ ಬಂದಿದೆ. ಫೋನಿನಲ್ಲಿ ವಿಡಿಯೋ ಕರೆ ಮಾಡ್ತೀವಿ. ಹಾಡು, ಮಾತು ರೆಕಾರ್ಡ್ ಮಾಡ್ತೀವಿ. ಅದಕ್ಕೂ ಮುಂಚೆ ಒಂದು ಅಗುಳು ಹಿಚುಕಿ ನೋಡಬೇಕು. ಅದು ಹೇಗೆ ಅಂತ ಈ ಪಾಠದಲ್ಲಿ ಕಲಿಯೋಣ.

ನಮ್ಮಿಂದಾದ ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡ್ತೀವಿ.

ನಮ್ಮ ಕಲಿಕಾ ಕೇಂದ್ರದ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರಿಗೆ ಓದು ಬರಹ ಬಾರದು. ಆದರೆ ಬೀಸೋ ಪದ, ಸೋಬಾನೆ ಪದ, ಲಾಲಿ ಪದ ಎಲ್ಲಾ ಬಾಯಲ್ಲೇ ಇವೆ. ಅವನ್ನು ಯಾರೂ ಬರೆದಿಟ್ಟಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡೋಣ, ಆಮೇಲೆ ಕೇಳಿಕೊಂಡು ನಾವೇ ಬರೆಯೋಣ ಅಂತ ಕೇಂದ್ರದ ಹೆಂಗಸರೆಲ್ಲಾ ಮಾತಾಡಿಕೊಂಡೆವು. ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೇ ಕೆಲಸ ಯಾವುದು?

ಒಂದು ಸಂಜೆ ಅಜ್ಜಿ ಜಗುಲಿ ಮೇಲೆ ಕೂತರು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ಗಂಟಲು ಸರಿ ಮಾಡಿಕೊಂಡರು. ನಾವು ಫೋನನ್ನು ಅವರ ಮುಂದೆ ಕಂಬಳಿ ಮೇಲೆ ಇಟ್ಟೆವು. ಕೆಂಪು ಗುಂಡಿ ಒತ್ತಿದೆವು. ಅಜ್ಜಿ ಕಣ್ಣು ಮುಚ್ಚಿಕೊಂಡು ಒಂದು ಗಂಟೆ ಹಾಡಿದರು. ಒಟ್ಟು 9 ಪದ.

ಕೊನೆಗೆ ಹಾಕಿ ಕೇಳಿದೆವು. ಬರೀ ಗುಂಯ್ ಅನ್ನೋ ಸದ್ದು. ಬಾವಿಯೊಳಗೆ ಯಾರೋ ಹಾಡಿದ ಹಾಗಿತ್ತು. ಒಂದು ಮಾತೂ ತಿಳಿಯಲಿಲ್ಲ.

ಅಜ್ಜಿ ಫೋನಿಗೆ ಕಿವಿ ಕೊಟ್ಟು ಕೇಳಿದರು. ಮುಖ ಸಣ್ಣಗಾಯಿತು.

"ನನ್ನ ದನಿ ಹಿಂಗಾಗೋಯ್ತಾ ಕಣವ್ವ? ವಯಸ್ಸಾಯ್ತು ಬುಡು" ಅಂದರು.

"ಇಲ್ಲ ಅಜ್ಜಿ. ನಿಮ್ಮ ದನಿ ಚೆನ್ನಾಗೈತೆ. ತಪ್ಪು ನಮ್ಮದು" ಅಂದೆವು.

ನಿಜವಾಗಿ ಆಗಿದ್ದು ಇಷ್ಟೆ. ಫೋನಿನ ಮೈಕ್ ಕಂಬಳಿಯಲ್ಲಿ ಹೂತುಹೋಗಿತ್ತು. ಶುರುವಿನಲ್ಲೇ 10 ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿದ್ದರೆ ಗೊತ್ತಾಗ್ತಿತ್ತು. 10 ಸೆಕೆಂಡ್ ಉಳಿಸಲು ಹೋಗಿ ಒಂದು ಗಂಟೆಯ ಹಾಡು ಕಳೆದೆವು.

15 ದಿನ ಬಿಟ್ಟು ಅಜ್ಜಿ ಮತ್ತೆ ಹಾಡಿಕೊಟ್ಟರು. 8 ಪದ ಬಂದವು. ಒಂಬತ್ತನೆಯದು ಅವರ ತಾಯಿ ಹೇಳಿಕೊಟ್ಟ ಲಾಲಿ ಪದ. ಅದು ಮಾತ್ರ ಎಷ್ಟು ನೆನೆದರೂ ಬಾಯಿಗೆ ಬರಲಿಲ್ಲ. "ಅವತ್ತು ತಾನಾಗೇ ಬಂದಿತ್ತು ಕಣವ್ವ" ಅಂದರು.

ಮೈಕ್ ಎಲ್ಲಿದೆ?

ಮೈಕ್ ಅಂದರೆ ಫೋನಿನ ಕಿವಿ. ಸ್ಪೀಕರ್ ಅಂದರೆ ಫೋನಿನ ಬಾಯಿ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಅವರ ಮಾತು ನಮಗೆ ಕೇಳಿಸದಿದ್ದರೆ ನಮ್ಮ ಫೋನಿನ ಬಾಯಿ ನೋಡಬೇಕು. ನಮ್ಮ ಮಾತು ಅವರಿಗೆ ಕೇಳಿಸದಿದ್ದರೆ ನಮ್ಮ ಫೋನಿನ ಕಿವಿ ನೋಡಬೇಕು.

ಫೋನನ್ನು ಕೈಗೆ ತಗೊಳ್ಳಿ. ಚಾರ್ಜರ್ ಚುಚ್ಚುವ ಜಾಗ ನೋಡಿ. ಅದರ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತೆ. ಸಾಸಿವೆ ಕಾಳಿಗಿಂತ ಸಣ್ಣದು. ಅದೇ ಮೈಕಿನ ಬಾಗಿಲು. ತುಂಬಾ ಫೋನುಗಳಲ್ಲಿ ಮೇಲಿನ ಅಂಚಿನಲ್ಲೂ ಒಂದು ತೂತು ಇರುತ್ತೆ. ಅದು ಎರಡನೇ ಮೈಕ್. ಸುತ್ತಲಿನ ಗದ್ದಲ ಕಡಿಮೆ ಮಾಡಲು ಅದು ಸಹಾಯ ಮಾಡುತ್ತೆ.

ತೂತಿನ ಒಳಗೆ ಇರುವ ಮೈಕ್ ತೊಗರಿ ಬೇಳೆಗಿಂತ ದೊಡ್ಡದಲ್ಲ. ಅದರಲ್ಲಿ ಬಹಳ ತೆಳುವಾದ ಒಂದು ಪೊರೆ ಇದೆ. ತಮಟೆಯ ಚರ್ಮ ಇದ್ದ ಹಾಗೆ. ತಮಟೆ ಚರ್ಮ ನಡುಗಿದರೆ ಸದ್ದು ಬರುತ್ತೆ. ಇಲ್ಲಿ ಅದರ ತಿರುವು ಮುರುವು. ನಮ್ಮ ಸದ್ದು ಬಡಿದು ಈ ಪೊರೆ ನಡುಗುತ್ತೆ. ಆ ನಡುಕ ವಿದ್ಯುತ್ತಾಗಿ ಫೋನಿನೊಳಗೆ ಹೋಗುತ್ತೆ.

ಆದ್ದರಿಂದ ಆ ತೂತಿಗೆ ಪಿನ್ನು, ಸೂಜಿ ಚುಚ್ಚಬೇಡಿ. ಪೊರೆ ಹರಿದರೆ ಮೈಕ್ ಹೋಯಿತು. ಸಿಮ್ ತೆಗೆಯಲು ಪಿನ್ನು ಚುಚ್ಚುವ ತೂತೇ ಬೇರೆ. ಎರಡನ್ನೂ ಕಲೆಸಬೇಡಿ. ಮೈಕಿಗೆ ಜೋರಾಗಿ ಊದಬೇಡಿ. ಹಿಟ್ಟು, ದೂಳು ಕೂತಿದ್ದರೆ ಒಣಗಿದ ಮೆತ್ತನೆ ಬ್ರಷ್ಷಿನಿಂದ ಮೆಲ್ಲಗೆ ಸವರಿ, ಸಾಕು.

ಐದು ಹೆಜ್ಜೆ

ಕರೆ ಇರುವುದಕ್ಕೆ ಕಾಲು ಗಂಟೆ ಮುಂಚೆ ಈ ಐದು ಹೆಜ್ಜೆ ಹಾಕಿ.

1. ತೂತು ನೋಡಿ. ಕವರ್ ಮುಚ್ಚಿಕೊಂಡಿದೆಯಾ? ಬೆರಳು ಅಡ್ಡ ಇದೆಯಾ? ಫೋನನ್ನು ಕಂಬಳಿ, ದಿಂಬು, ಮಡಿಲ ಮೇಲೆ ಇಡಬೇಡಿ. ಒಂದು ಪಾತ್ರೆಗೋ ಡಬ್ಬಕ್ಕೋ ಒರಗಿಸಿ ನಿಲ್ಲಿಸಿ. ಕೆಳಗಿನ ತೂತು ಬಯಲಾಗಿರಲಿ.

2. ತಂತಿ ನೋಡಿ. ಇಯರ್‌ಫೋನ್ ಚುಚ್ಚಿದರೆ ಫೋನ್ ತನ್ನ ಮೈಕ್ ಬಿಟ್ಟು ಸಾಮಾನ್ಯವಾಗಿ ಇಯರ್‌ಫೋನಿನ ಮೈಕಿನಿಂದ ಕೇಳುತ್ತೆ. ಆ ಮೈಕ್ ತಂತಿಯ ನಡುವೆ ನೇತಾಡ್ತಿರುತ್ತೆ. ಅದು ಸೆರಗಿಗೆ, ಸರಕ್ಕೆ ಉಜ್ಜಿದರೆ ಆ ಕಡೆಯವರಿಗೆ ಬರೀ ಪರಪರ ಸದ್ದು. ಇನ್ನೊಂದು ಸಂಗತಿ. ಮಗ ಬ್ಲೂಟೂತ್ ಇಯರ್‌ಫೋನನ್ನು ಫೋನಿಗೆ ಜೋಡಿಸಿ, ಪಕ್ಕದ ಕೋಣೆಯಲ್ಲಿ ಇಟ್ಟು ಮರೆತಿರಬಹುದು. ಆಗ ನಾವು ಇಲ್ಲಿ ಮಾತಾಡಿದರೂ ಫೋನ್ ಅಲ್ಲಿ ಕಿವಿ ಇಟ್ಟಿರುತ್ತೆ. ಬೇಡವಾದಾಗ ಬ್ಲೂಟೂತ್ ಆರಿಸಿ.

3. ಅನುಮತಿ ನೋಡಿ. ಹೊಸ ಆ್ಯಪ್ ಮೊದಲ ಸಲ "ಮೈಕ್ ಬಳಸಲೇ?" ಅಂತ ಕೇಳುತ್ತೆ. ನಾವು ಹೆದರಿ "ಬೇಡ" ಅಂತ ಒತ್ತಿದರೆ ಅದಕ್ಕೆ ನಮ್ಮ ದನಿ ಸಿಗುವುದಿಲ್ಲ. ಸೆಟ್ಟಿಂಗ್ಸ್ ತೆರೆದು, ಆ್ಯಪ್ ಹೆಸರು ಒತ್ತಿ, ಪರ್ಮಿಷನ್ ಅನ್ನುವ ಕಡೆ ಮೈಕ್ರೋಫೋನಿಗೆ ಅನುಮತಿ ಕೊಡಬಹುದು. ಕರೆ ನಡೆಯುವಾಗ ತೆರೆಯ ಮೇಲೆ ಮೈಕಿನ ಚಿತ್ರ ಕಾಣುತ್ತೆ. ಅದರ ಮೇಲೆ ಅಡ್ಡಗೆರೆ ಇದ್ದರೆ ಮೈಕ್ ಮುಚ್ಚಿದೆ ಅಂತ ಅರ್ಥ. ಒಮ್ಮೆ ಒತ್ತಿದರೆ ಗೆರೆ ಹೋಗುತ್ತೆ, ಮೈಕ್ ತೆರೆಯುತ್ತೆ.

4. 10 ಸೆಕೆಂಡ್ ರೆಕಾರ್ಡ್ ಮಾಡಿ, ಕೇಳಿ. ಫೋನಿನಲ್ಲಿ ರೆಕಾರ್ಡರ್ ಇದ್ದರೆ ಅದರಲ್ಲಿ ಮಾಡಿ. ಇಲ್ಲದಿದ್ದರೆ ವಾಟ್ಸಾಪಿನಲ್ಲಿ ನಿಮಗೆ ನೀವೇ ದನಿ ಕಳಿಸಿಕೊಳ್ಳಿ. ಹೊಸ ಚಾಟ್ ತೆರೆದರೆ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತೆ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡಿ. ಬೆರಳು ಬಿಟ್ಟರೆ ಹೋಗುತ್ತೆ. ಆಮೇಲೆ ಅದನ್ನು ಒತ್ತಿ ಕೇಳಿ. ಮಾತಾಡುವುದು ಅರ್ಧ ಪರೀಕ್ಷೆ. ಕೇಳುವುದು ಇನ್ನರ್ಧ. ನಾವು ಎಷ್ಟೋ ಸಲ ಈ ಇನ್ನರ್ಧ ಬಿಟ್ಟುಬಿಡ್ತೀವಿ.

5. ಜಾಗ ನೋಡಿ. ಮಿಕ್ಸಿ, ಟಿವಿ, ಫ್ಯಾನು ಆರಿಸಿ. ಬಾಯಿಗೂ ಫೋನಿಗೂ ಒಂದು ಗೇಣು ದೂರ ಇರಲಿ. ತೀರಾ ಹತ್ತಿರ ಬಂದರೆ ಉಸಿರು ಬಡಿದು ಬುಸ್ ಬುಸ್ ಅನ್ನುತ್ತೆ. ತೀರಾ ದೂರ ಹೋದರೆ ನಮ್ಮ ಮಾತಿಗಿಂತ ಹೊರಗಿನ ಗದ್ದಲವೇ ಜಾಸ್ತಿ. ಏನೂ ಇಡದ ಖಾಲಿ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಗುಂಯ್‌ಗುಡುತ್ತೆ. ಬಟ್ಟೆ, ಹಾಸಿಗೆ ಇರುವ ಕೋಣೆ ಮೇಲು. ಆದರೆ ಫೋನನ್ನು ಹಾಸಿಗೆ ಮೇಲೆ ಇಡಬೇಡಿ!

ಪರೀಕ್ಷೆಗೆ ಏನು ಹೇಳಬೇಕು?

"ಹಲೋ ಹಲೋ" ಅಂದರೆ ಸಾಲದು. ಹಲೋ ಅನ್ನುವುದು ಎಂಥ ಕೆಟ್ಟ ಮೈಕಿನಲ್ಲೂ ಕೇಳುತ್ತೆ.

ನಮ್ಮ ಕನ್ನಡ ಮಾತಿನ ಒಂದು ಗುಣ ನೋಡಿ. ಹೌದೋ ಅಲ್ಲವೋ ಅನ್ನುವುದು ಮಾತಿನ ಕೊನೆಯಲ್ಲಿ ಬರುತ್ತೆ. "ಮಾತ್ರೆ ತಗೊಂಡಿದ್ದೀನಿ." "ಮಾತ್ರೆ ತಗೊಂಡಿಲ್ಲ." ಕೊನೆಯ ಒಂದೆರಡು ಅಕ್ಷರ ನುಂಗಿಹೋದರೆ ಅರ್ಥವೇ ಉಲ್ಟಾ. ನಮಗೋ ಮಾತಿನ ಕೊನೆಗೆ ದನಿ ಇಳಿಸುವ ಅಭ್ಯಾಸ. ಇನ್ನು ಅಂಕಿಗಳು. ಏಳು, ಎಂಟು. ಅರವತ್ತು, ಎಪ್ಪತ್ತು. ಇವು ಮಸುಕಾಗಿ ಕೇಳಿದರೆ ಒಂದರ ಹಾಗೆ ಇನ್ನೊಂದು.

ಆದ್ದರಿಂದ ಪರೀಕ್ಷೆಗೆ ಹೀಗೆ ಹೇಳಿ:

"ನನ್ನ ಹೆಸರು ಇಂಥದ್ದು. ನಮ್ಮೂರು ಇಂಥದ್ದು. ಇವತ್ತು ಇಂಥ ತಾರೀಕು. ಏಳು, ಎಂಟು, ಅರವತ್ತು, ಎಪ್ಪತ್ತು. ಇದೆ, ಇಲ್ಲ. ಹೌದು, ಅಲ್ಲ."

ಕೇಳುವಾಗ ಪ್ರತಿ ಮಾತಿನ ಕೊನೆ ಅಕ್ಷರ ಗಮನಿಸಿ. ಅದು ಬಿಡಿಸಿ ಕೇಳಿದರೆ ಮೈಕ್ ಪಾಸು.

ಡಾಕ್ಟರ ಕರೆ

2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲಿ, ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ಇ-ಸಂಜೀವನಿ ಸೇವೆ ಶುರುವಾಯಿತು. ಇದು ಸರ್ಕಾರದ ಸೇವೆ. ಹಣ ಕೊಡಬೇಕಿಲ್ಲ. ನಮ್ಮ ಕೇಂದ್ರದ ಒಬ್ಬ ಅಕ್ಕ ತಮ್ಮ ಅತ್ತೆಗಾಗಿ ಹೀಗೆ ಮಾತಾಡಬೇಕಿತ್ತು. ಅತ್ತೆಗೆ ಬಿ.ಪಿ. ಇತ್ತು. ಹಿಂದಿನ ದಿನವೇ ಮಗಳ ಜೊತೆ ಕೂತು ಪರೀಕ್ಷೆ ಮಾಡಿದರು. ನಾವೂ ಅಲ್ಲೇ ಇದ್ದೆವು.

"ಅವ್ವಾ, ಈಗ ಮಾತಾಡು" ಅಂದಳು ಮಗಳು.

"ಅತ್ತೆಗೆ ತಲೆ ಸುತ್ತುತ್ತೆ ಸಾ. ಬಿ.ಪಿ. ಮಾತ್ರೆ ನಾಲ್ಕು ದಿನದಿಂದ ಕೊಟ್ಟಿಲ್ಲ. ಖಾಲಿಯಾಗದೆ" ಅಂದರು ಅಕ್ಕ.

ಹಾಕಿ ಕೇಳಿದರು. "ಬಿ.ಪಿ. ಮಾತ್ರೆ ನಾಲ್ಕು ದಿನದಿಂದ ಕೊಟ್" ಅನ್ನುವಷ್ಟೇ ಕೇಳಿತು. ಆಮೇಲೆ ಪರಪರ, ಜಣಜಣ.

"ಅವ್ವಾ, ಕೊಟ್ಟಿದ್ದೀನಿ ಅಂದ್ಯಾ, ಕೊಟ್ಟಿಲ್ಲ ಅಂದ್ಯಾ? ಡಾಕ್ಟರಿಗೆ ಹೆಂಗೆ ಗೊತ್ತಾಗ್ಬೇಕು?"

"ಜೋರಾಗಿ ಕೂಗ್ಲಾ ಹಂಗಾದ್ರೆ?"

"ಕೂಗಿದ್ರೆ ಆಗಲ್ಲ. ಫೋನ್ ಹಿಡ್ಕೊಂಡಿರೋ ಕೈ ನೋಡು. ನಿನ್ನ ಕಿರುಬೆರಳು ತೂತಿನ ಮೇಲದೆ. ಕೈ ಆಡಿಸ್ದಾಗ ಬಳೆ ಬೇರೆ ಫೋನಿಗೆ ಬಡೀತದೆ."

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಮತ್ತೆ ಮಾತಾಡಿ, ಮತ್ತೆ ಕೇಳಿದರು. "ಕೊಟ್ಟಿಲ್ಲ. ಖಾಲಿಯಾಗದೆ" ಅನ್ನುವುದು ಗಂಟೆ ಹೊಡೆದ ಹಾಗೆ ಕೇಳಿತು. ಮಾರನೇ ದಿನ ಡಾಕ್ಟರಿಗೂ ಹಾಗೇ ಕೇಳಿತು.

ಒಂದು ಎಚ್ಚರಿಕೆ. ಎದೆನೋವು, ಪ್ರಜ್ಞೆ ತಪ್ಪುವುದು, ಜಾಸ್ತಿ ರಕ್ತ ಹೋಗುವುದು ಇಂಥ ತುರ್ತು ಇದ್ದರೆ ವಿಡಿಯೋ ಕರೆಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ಸದ್ದು ಕೇಳಿ ರೋಗ ಹಿಡಿಯೋಣ

ಕೆಮ್ಮು ಕೇಳಿ ಮಗುವಿಗೆ ಏನಾಗಿದೆ ಅಂತ ಊಹೆ ಮಾಡ್ತೀವಲ್ಲ, ಹಾಗೇ ಇದು.

ಏನೂ ಕೇಳುತ್ತಿಲ್ಲ: ಅಡ್ಡಗೆರೆ, ಅನುಮತಿ, ಬ್ಲೂಟೂತ್ ನೋಡಿ.

ಬಾವಿಯೊಳಗಿನ ದನಿಯ ಹಾಗಿದೆ: ತೂತು ಮುಚ್ಚಿದೆ. ಕವರ್ ತೆಗೆದು ನೋಡಿ.

ಬುಸ್ ಬುಸ್ ಅನ್ನುತ್ತೆ: ಉಸಿರು ಅಥವಾ ಗಾಳಿ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆ ಮಾಡಿ.

ಪರಪರ ಅನ್ನುತ್ತೆ: ಸೆರಗು, ಸರ, ಬಳೆ ತಾಗುತ್ತಿದೆ.

ಕುಂಯ್ ಅಂತ ಕಿರುಚುತ್ತೆ: ಒಂದೇ ಕೋಣೆಯಲ್ಲಿ ಎರಡು ಫೋನು ಒಂದೇ ಕರೆಯಲ್ಲಿವೆ. ಒಂದರ ಸ್ಪೀಕರಿನ ಸದ್ದು ಇನ್ನೊಂದರ ಮೈಕಿಗೆ ಹೋಗಿ, ಸುತ್ತಿ ಸುತ್ತಿ ಬರುತ್ತಿದೆ. ಒಂದು ಫೋನನ್ನು ಬೇರೆ ಕೋಣೆಗೆ ಒಯ್ಯಿರಿ. ಇಲ್ಲವೇ ಅದರ ಮೈಕ್, ಸ್ಪೀಕರ್ ಎರಡೂ ಮುಚ್ಚಿ.

ರೆಕಾರ್ಡಿನಲ್ಲಿ ಚೆನ್ನಾಗಿದೆ, ಕರೆಯಲ್ಲಿ ಮಾತು ತುಂಡು ತುಂಡಾಗುತ್ತೆ: ಮೈಕಿನ ತಪ್ಪಲ್ಲ. ಸಿಗ್ನಲ್ ಸಾಲದು. ಮನೆಯಿಂದ ಹೊರಗೆ, ಇಲ್ಲವೇ ಮಹಡಿಗೆ ಹೋಗಿ ನೋಡಿ.

ರೆಕಾರ್ಡಿನಲ್ಲಿ ಚೆನ್ನಾಗಿದೆ, ಒಂದು ಆ್ಯಪಿನಲ್ಲಿ ಮಾತ್ರ ದನಿ ಇಲ್ಲ: ಆ ಆ್ಯಪಿಗೆ ಅನುಮತಿ ಇಲ್ಲ.

ಎಲ್ಲಾ ನೋಡಿದರೂ ಸರಿ ಹೋಗಲಿಲ್ಲ: ಫೋನನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ. ಆಗಲೂ ಆಗದಿದ್ದರೆ ರಿಪೇರಿ ಅಂಗಡಿಗೆ ಹೋಗಿ. ಅಲ್ಲಿ ಸುಮ್ಮನೆ "ಫೋನ್ ಕೆಟ್ಟಿದೆ" ಅನ್ನಬೇಡಿ. "ರೆಕಾರ್ಡರಿನಲ್ಲೂ ನನ್ನ ದನಿ ಬರ್ತಿಲ್ಲ, ಮೈಕ್ ನೋಡಿ" ಅನ್ನಿ. ತಿಳಿದು ಕೇಳಿದವರಿಗೆ ಮೋಸ ಮಾಡುವುದು ಕಷ್ಟ.

ಹೆಸರು ಹೇಳಿದ ಗಾಯಕಿ

ಹಾಡು ರೆಕಾರ್ಡ್ ಮಾಡುವವರಿಗೆ ಒಂದು ಹಳೇ ಕತೆ ಹೇಳ್ತೀವಿ.

ಗೌಹರ್ ಜಾನ್ ಅಂತ ಒಬ್ಬ ದೊಡ್ಡ ಗಾಯಕಿ ಇದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡನ್ನು ಗ್ರಾಮಫೋನ್ ರೆಕಾರ್ಡ್ ಮಾಡಿದರು. ನಮ್ಮ ದೇಶದ ಮೊದಮೊದಲ ರೆಕಾರ್ಡುಗಳಲ್ಲಿ ಅವರ ಹಾಡುಗಳಿವೆ. ಆಗ ರೆಕಾರ್ಡ್ ಮಾಡಲು ಮೈಕ್ ಬಳಸುತ್ತಿರಲಿಲ್ಲ. ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ನಡುಕದಿಂದ ಮುಳ್ಳು ಅಲ್ಲಾಡಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಒಂದು ರೆಕಾರ್ಡಿಗೆ ಸಿಗುತ್ತಿದ್ದದ್ದು ಸುಮಾರು 3 ನಿಮಿಷ. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಬಂದದ್ದು 1925ರಿಂದೀಚೆಗೆ.

ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆ ರೆಕಾರ್ಡುಗಳು ತಯಾರಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಇದು ಯಾರ ಹಾಡು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಲ್ಲ! ಅದೇ ಗಾಯಕಿ 1928ರಲ್ಲಿ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಅರಮನೆಯಲ್ಲಿ ಆಶ್ರಯ ಕೊಟ್ಟರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಉಳಿದಿದೆ. ದನಿಯ ಜೊತೆ ಹೆಸರೂ ಉಳಿದಿದೆ.

ನಾವೂ ಹಾಗೇ ಮಾಡೋಣ. ರೆಕಾರ್ಡಿನ ಶುರುವಿನಲ್ಲೇ ಹಾಡುವವರ ಹೆಸರು, ಊರು, ತಾರೀಕು ಹೇಳಿಸೋಣ. ನಡುವೆ ಕರೆ ಬಂದು ಹಾಡು ನಿಲ್ಲದ ಹಾಗೆ ಏರೋಪ್ಲೇನ್ ಮೋಡ್ ಹಾಕೋಣ. ಫೋನಿನಲ್ಲಿ ಚಾರ್ಜು, ಖಾಲಿ ಜಾಗ ಎರಡೂ ಇದೆಯಾ ನೋಡೋಣ.

ಮೈಕ್ ತೆರೆದಿರುವಾಗ ಜೋಪಾನ

ಮೈಕ್ ನಮ್ಮ ಮಾತು ಕೇಳುವ ಕಿವಿ. ಬೇಡದಾಗ ಅದು ಮುಚ್ಚಿರಲಿ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಯಾವುದಾದರೂ ಆ್ಯಪ್ ಮೈಕ್ ಅಥವಾ ಕ್ಯಾಮೆರಾ ಬಳಸುವಾಗ ತೆರೆಯ ಮೇಲ್ತುದಿಯಲ್ಲಿ ಹಸಿರು ಚುಕ್ಕೆ ಕಾಣುತ್ತೆ. ನಾವು ಮಾತಾಡದೆ ಇರುವಾಗ ಚುಕ್ಕೆ ಕಂಡರೆ ಅದು ಯಾವ ಆ್ಯಪ್ ಅಂತ ನೋಡಿ. ಟಾರ್ಚ್ ಆ್ಯಪಿಗೆ ನಮ್ಮ ಮಾತು ಯಾಕೆ ಬೇಕು? ಅಂಥದ್ದಕ್ಕೆ ಅನುಮತಿ ಕೊಡಬೇಡಿ. ಪರೀಕ್ಷೆಗೆ ಅಂತ ಬ್ಯಾಂಕಿನ ಪಿನ್, ಓಟಿಪಿ ಹೇಳಬೇಡಿ. ಬೇರೆಯವರ ದನಿ ರೆಕಾರ್ಡ್ ಮಾಡುವ ಮುಂಚೆ ಅವರನ್ನು ಕೇಳಿ.

ಕೊನೆಯ ಮಾತು

ಎಷ್ಟೋ ಹೆಂಗಸರು ಆ ಕಡೆಯವರು "ಕೇಳಿಸ್ತಿಲ್ಲ" ಅಂದ ಕೂಡಲೇ ನಾಚಿಕೊಳ್ತಾರೆ. "ನಂಗೆ ಇದೆಲ್ಲಾ ಬರಲ್ಲ" ಅಂತ ಫೋನನ್ನು ಗಂಡನ ಕೈಗೋ ಮಗನ ಕೈಗೋ ಕೊಟ್ಟುಬಿಡ್ತಾರೆ. ಅವರು ನಮ್ಮ ಮಾತನ್ನು ತಮ್ಮ ಮಾತಿನಲ್ಲಿ ಹೇಳ್ತಾರೆ. ಅರ್ಧ ಹೇಳ್ತಾರೆ, ಅರ್ಧ ಬಿಡ್ತಾರೆ. ನಮ್ಮ ಅಜ್ಜಿಯೂ ತಮ್ಮ ದನಿಯೇ ಕೆಟ್ಟಿತು ಅಂದುಕೊಂಡರಲ್ಲ! ಕೆಟ್ಟಿದ್ದು ದನಿ ಅಲ್ಲ. ಮುಚ್ಚಿದ್ದು ಒಂದು ತೂತು.

ಅಜ್ಜಿಗೆ ಆ ಲಾಲಿ ಪದ ಇನ್ನೂ ನೆನಪಾಗಿಲ್ಲ. ಯಾವತ್ತೋ ಒಂದು ದಿನ, ಮೊಮ್ಮಗಳ ಮಗುವನ್ನು ತೂಗುವಾಗ ತಾನಾಗೇ ಬರಬಹುದು. ಅವತ್ತು ನಮ್ಮ ಫೋನ್ ಸಿದ್ಧವಾಗಿರಬೇಕು. ಈಗ ಕೇಂದ್ರದಲ್ಲಿ ನಾವು ದಿನಾ ಒಬ್ಬರ ಫೋನ್ ಪರೀಕ್ಷೆ ಮಾಡ್ತೀವಿ.

ಮಾಡಿ ನೋಡೋಣ

1. ನಿಮ್ಮ ಫೋನಿನ ಮೈಕಿನ ತೂತು ಹುಡುಕಿ. ಪಕ್ಕದವರಿಗೆ ತೋರಿಸಿ.
2. ತೂತನ್ನು ಬೆರಳಿಂದ ಮುಚ್ಚಿ 10 ಸೆಕೆಂಡ್ ರೆಕಾರ್ಡ್ ಮಾಡಿ. ಬೆರಳು ತೆಗೆದು ಮತ್ತೆ ಮಾಡಿ. ಎರಡನ್ನೂ ಕೇಳಿ. ಏನು ವ್ಯತ್ಯಾಸ?
3. "ಇದೆ, ಇಲ್ಲ, ಹೌದು, ಅಲ್ಲ" ಹೇಳಿ ರೆಕಾರ್ಡ್ ಮಾಡಿ. ಗೆಳತಿಗೆ ಕೇಳಿಸಿ. ಅವರು ಕೇಳಿದ್ದನ್ನು ಬರೆಯಲಿ.
4. ನಿಮ್ಮ ಮನೆಯ ಹಿರಿಯರಿಂದ ಒಂದು ಪದ ಹಾಡಿಸಿ ರೆಕಾರ್ಡ್ ಮಾಡಿ. ಅದನ್ನು ಕೇಳಿಕೊಂಡು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮೇಲೆ ಹಾಡಿದವರ ಹೆಸರು ಬರೆಯಲು ಮರೆಯಬೇಡಿ.

ಓದಿ, ಬರೆಯಿರಿ

ಮೈಕ್, ತೂತು, ಪೊರೆ, ದನಿ, ಅನುಮತಿ, ಪರೀಕ್ಷೆ, ಎಚ್ಚರಿಕೆ.